ತೆಗೆದುಹಾಕಿದ ನಾಲ್ಕು ಪುಟ

ಅಪ್ಪನಿಗೆ ನಮಸ್ಕಾರಗಳು.

ಕಾದಂಬರಿಗಳಲ್ಲಿ ಬರುವ ಯಂತ್ರ ಮತ್ತು ಪರಿಸರದ ಕುರಿತ ನನ್ನ ಸಂಶೋಧನಾ ಪ್ರಬಂಧ ಮುಗಿಯಿತು. ನಿಮ್ಮ ಮ್ಯಾನೇಜರು ಕೇಳಿದ ಪ್ರತಿಯನ್ನು ಕಳಿಸುತ್ತಿದ್ದೇನೆ. "ನಮ್ಮ ಕಾರ್ಖಾನೆ ಮನೆಮಗಳು ಅಂತ ನಿನಗೆ ಸನ್ಮಾನ ಮಾಡ್ತಾರಂತೆ ಕಣೇ" ಎಂದು ಫೋನಿನಲ್ಲಿ ಹೇಳುವಾಗ ನಿಮ್ಮ ದನಿ ತುಂಬಿ ಬಂದಿತ್ತು.

ಪ್ರಬಂಧದಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದಿನ ಹಳ್ಳದ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಕಾರ್ಖಾನೆಯ ಬಣ್ಣದ ನೀರು ಸೇರಿ ಅದು ವಾರಕ್ಕೊಂದು ಬಣ್ಣಕ್ಕೆ ತಿರುಗುವುದನ್ನು ನೋಡುತ್ತಲೇ ಬೆಳೆದವಳು ನಾನು. ನಿಮ್ಮ ಫೋನ್ ಬಂದ ಮೇಲೆ ಆ ಪುಟಗಳನ್ನು ತೆಗೆದುಹಾಕಿದೆ. ನಿಮ್ಮ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ, ಇರುವ ಮನೆಯೂ ಅವರದೇ.

ನನ್ನ ಮಾರ್ಗದರ್ಶಕರು ಬೇಸರಪಟ್ಟುಕೊಂಡರು. "ನೀನು ಕಣ್ಣಾರೆ ಕಂಡು ಬರೆದದ್ದು ಅದೊಂದೇ ಇತ್ತಲ್ಲಮ್ಮಾ, ಯಾಕೆ ತೆಗೆದೆ?" ಎಂದರು. ಪ್ರಬಂಧ ಉದ್ದವಾಯಿತೆಂದು ಸುಳ್ಳು ಹೇಳಿ ತಲೆತಗ್ಗಿಸಿದೆ.

ಸನ್ಮಾನಕ್ಕೆ ಬರುತ್ತೇನೆ, ಕೈಮುಗಿದು ಕೂರುತ್ತೇನೆ. ಎರಡು ಮಾತಾಡು ಎಂದು ಮಾತ್ರ ಯಾರೂ ಒತ್ತಾಯಿಸದಂತೆ ನೋಡಿಕೊಳ್ಳಿ.

ಇನ್ನೊಂದು ವಿಷಯ. ನೀವೂ ಅಮ್ಮನೂ ಇವತ್ತಿನಿಂದಲೇ ಹಿತ್ತಲ ಬಾವಿಯ ನೀರು ಕುಡಿಯುವುದನ್ನು ನಿಲ್ಲಿಸಿ. ಕಾಯಿಸಿದರೂ ಬೇಡ. ಆ ನಾಲ್ಕು ಪುಟಗಳಿಗಾಗಿ ಹಳ್ಳದ ಜೊತೆ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿದ್ದೆ.

ನಿಮ್ಮ ಮಗಳು