ಪಕ್ಕದ ಕೋಣೆಯ ಚಪ್ಪಾಳೆ

ಮನೆ ಮಾಲೀಕರಿಗೆ ನಮಸ್ಕಾರ.

ಪಕ್ಕದ ಕೋಣೆಯನ್ನು ಇನ್ನು ಬಾಡಿಗೆಗೆ ಕೊಡಬಹುದಾ ಅಂತ ಕೇಳಿದ್ರಿ. ಧಾರಾಳವಾಗಿ ಕೊಡಿ.

ಅಲ್ಲಿದ್ದ ವೆಲ್ಡರ್‌ಗೂ ನನಗೂ ಹಾವು ಮುಂಗುಸಿ ಸಂಬಂಧ ಅನ್ನೋದು ನಿಮಗೆ ಗೊತ್ತೇ ಇದೆ. ಅವನಿಗೆ ಪಂಕ್ ಸಂಗೀತದ ಹುಚ್ಚು, ನನಗೆ ಪ್ರೋಗ್ರೆಸಿವ್ ರಾಕ್. ಅವನ ಹಾಡು ಹಾಲು ಉಕ್ಕೋದರೊಳಗೆ ಮುಗಿಯೋದು. ನನ್ನದು ರೆಕಾರ್ಡಿನ ಒಂದು ಬದಿ ಪೂರ್ತಿ. "ನಿಮ್ಮ ಹಾಡು ಮುಗಿಯೋ ಹೊತ್ತಿಗೆ ನನಗೆ ಗಡ್ಡ ಬೆಳೆದಿರುತ್ತೆ ಸಾರ್" ಅಂತಿದ್ದ. ನನ್ನ ಹಾಡಿನ ನಡುವೆ ವಾದ್ಯಗಳೆಲ್ಲ ಒಮ್ಮೆ ನಿಂತು ಮತ್ತೆ ಶುರುವಾಗುತ್ತವೆ. ಆ ಮೌನದಲ್ಲಿ ಪ್ರತಿ ಸಲವೂ, ಸದ್ಯ ಮುಗೀತು ಅಂದ್ಕೊಂಡು, ಗೋಡೆಯಾಚೆಯಿಂದ ಚಪ್ಪಾಳೆ ತಟ್ಟೋನು. ಮತ್ತೆ ಶುರುವಾದ ಕೂಡಲೇ ಬಾಯಿಗೆ ಬಂದಂತೆ ಬೈಯೋನು.

ಅವನು ತೀರಿಕೊಂಡ ಮೇಲೆ ಕೋಣೆಗೆ ನೀವೇ ಬೀಗ ಹಾಕಿದಿರಿ. ಆಮೇಲೂ ಹಾಡಿನ ನಡುವೆ ಚಪ್ಪಾಳೆ ಕೇಳಿಸುತ್ತಲೇ ಇತ್ತು. ಬೈಗುಳ ಮಾತ್ರ ಇರಲಿಲ್ಲ. ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹಾಡು ಹಾಕೋದನ್ನೂ ಬಿಡಲಿಲ್ಲ.

ನಿನ್ನೆ ಸಂಜೆ ಆ ಮೌನ ಬಂತು, ಚಪ್ಪಾಳೆ ಬರಲಿಲ್ಲ. ಎದ್ದು ಹೋಗಿ ಗೋಡೆಗೆ ಕಿವಿಗೊಟ್ಟು ನಿಂತೆ. ಹಾಡು ಮತ್ತೆ ಶುರುವಾಗಿ, ಕೊನೆಯ ಸ್ವರವೂ ಆರಿಹೋಯಿತು. ಆಗ ಬಂತು ಚಪ್ಪಾಳೆ, ನಿಧಾನವಾಗಿ, ಸರಿಯಾದ ಜಾಗದಲ್ಲಿ. ಗೋಡೆಯಾಚೆಯಿಂದಲ್ಲ, ನನ್ನ ಬೆನ್ನ ಹಿಂದೆ, ನಾನು ಎದ್ದುಬಂದ ಕುರ್ಚಿಯಿಂದ.

ಹಾಗಾಗಿ ಆ ಕೋಣೆ ಈಗ ಖಾಲಿ ಇದೆ, ಅನುಮಾನವೇ ಬೇಡ. ಒಂದೇ ಕೋರಿಕೆ. ಅವನು ತಾನೇ ಬೆಸೆದು ಮಾಡಿಕೊಂಡ ಕಬ್ಬಿಣದ ಕುರ್ಚಿ ಅಲ್ಲೇ ಇದೆ. ದಯವಿಟ್ಟು ಅದನ್ನು ನನ್ನ ಕೋಣೆಗೆ ಕಳಿಸಿಕೊಡಿ. ನನಗೆ ಮಂಡಿನೋವು, ಇಡೀ ಹಾಡನ್ನು ನಿಂತು ಕೇಳೋದಕ್ಕೆ ಆಗೋದಿಲ್ಲ.

ಇಂತಿ,
ಮಹಡಿಯ ಗಡಿಯಾರ ರಿಪೇರಿಯವನು