ವಿಟ್‌ಕೂಂಬ್ ಹೆಸರಿನ ಕೋಣೆ

ನ್ಯೂ ಹ್ಯಾಂಪ್‌ಶೈರ್, ಜುಲೈ ೧೯೫೨

ಅಣ್ಣಾ,

ಪರ್ಲ್‌ಮಟರ್ ಎಂಬ ಹೆಸರು ಕೇಳಿ ನಿನಗೆ ಕೋಣೆಯಿಲ್ಲ ಎಂದ ಹೋಟೆಲು ಈ ಕಾರ್ಡಿನ ಹಿಂಬದಿಯ ಚಿತ್ರದಲ್ಲಿದೆ. ನಮ್ಮ ಯಹೂದಿ ಹಕ್ಕುಗಳ ಸಂಘ ನನಗೆ ಮಿಸ್ ವಿಟ್‌ಕೂಂಬ್ ಎಂಬ ಕ್ರೈಸ್ತ ಹೆಸರು ಕೊಟ್ಟು ಅಲ್ಲಿಗೇ ಕಳಿಸಿತು. ಕೇಳಿದ ಕೂಡಲೇ ಕೋಣೆ ಸಿಕ್ಕಿತು. ಮಹಡಿ ಅರ್ಧ ಖಾಲಿಯಿದೆ.

ನಮಗೆ ನಿಷಿದ್ಧವಾದ ಹಂದಿಮಾಂಸ ತಪ್ಪಿಸಲು ಹೊಟ್ಟೆನೋವೆಂದು ಹೇಳಿದೆ. ಆರೋಗ್ಯವಾಗಿದ್ದೇನೆ, ಅಮ್ಮನಿಗೆ ಗಾಬರಿ ಬೇಡ. ಹೋಟೆಲಿನ ಒಡತಿ ತಾನೇ ಗಂಜಿ ಕಾಯಿಸಿ ತಂದು ಪಕ್ಕದಲ್ಲಿ ಕೂತಳು.

"ಬಿಸಿಬಿಸಿ ಕುಡೀರಮ್ಮ. ಇಲ್ಲಿ ಎಲ್ಲಾ ನಮ್ಮೋರೇ. ಯಹೂದಿಗಳು ಕೇಳಿದ್ರೆ ಜಾಗ ಇಲ್ಲ ಅಂದ್ಬಿಡ್ತೀನಿ," ಎಂದಳು.

ಸಂಘಕ್ಕೆ ಸಾಕ್ಷಿಯಾಗಿ ಬೇಕಿದ್ದ ಮಾತು ಅದೇ. ಗಂಜಿ ಚೆನ್ನಾಗಿತ್ತು, ಪೂರ್ತಿ ಕುಡಿದೆ.

ಬಸ್ಸು ಬಂತು. ಅಂಚೆಗೆ ಹಾಕಲು ಲಕೋಟೆಯಿಲ್ಲದ ಈ ಕಾರ್ಡನ್ನು ಅವಳ ಕೈಗೇ ಕೊಟ್ಟು ಹೊರಡುತ್ತೇನೆ.

ನಿನ್ನ ತಂಗಿ,
ಫ್ರೇಡಾ ಪರ್ಲ್‌ಮಟರ್