ಹೊಡೆತ ತಿಂದ ಕಣ್ಣನ್ನು ಅಳೆಯದ ಯಂತ್ರ

ದೊಡ್ಡಾಸ್ಪತ್ರೆಯ ಅಧೀಕ್ಷಕರ ಕುರ್ಚಿಗೆ,
ಶಿವಮೊಗ್ಗ

ಮಾನ್ಯರೇ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಮಾತು ಆಮೇಲೆ. ಹೊರಜಿಲ್ಲೆಯ ಖಾಸಗಿ ಆಸ್ಪತ್ರೆಯಲ್ಲಿ ನನ್ನ ಕೆಲಸದ ಹುಡುಗ ಕಾಂತರಾಜನ ಎರಡನೇ ಆಪರೇಷನ್ನು, ಒಂದು ಲಕ್ಷದ ಹದಿನೆಂಟು ಸಾವಿರ. ಔಷಧಿ, ಕಾರಿನ ಬಾಡಿಗೆ, ಲಾಡ್ಜು ಸೇರಿ ನಲವತ್ತೊಂದು ಸಾವಿರ. ವಕೀಲರಿಗೆ ಈವರೆಗೆ ಹದಿನೈದು, ಅವರ ಬಾಯಿ ಇನ್ನೂ ತೆರೆದೇ ಇದೆ. ಅವನ ತಾಯಿ ದುರ್ಗಮ್ಮನ ಕೊರಳಲ್ಲಿದ್ದ ಎರಡೆಳೆ ಸರ. ಮತ್ತೆ ಮೂವತ್ತೆರಡು ವರ್ಷದ ಗಂಡಸಿನ ಒಂದು ಎಡಗಣ್ಣು. ಅದರ ರೇಟು ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಪಟ್ಟಿಯಿದ್ದರೆ ಕಳಿಸಿಕೊಡಿ.

ನಿಮ್ಮ ಕಣ್ಣಿನ ವಿಭಾಗದಲ್ಲಿರುವ ಒಂದು ಯಂತ್ರದ ಮುಂದೆ ಕಾಂತರಾಜನನ್ನು ಎರಡು ನಿಮಿಷ ಕೂರಿಸಿದ್ದರೆ ಇದರಲ್ಲಿ ಎಷ್ಟೋ ಉಳಿಯುತ್ತಿತ್ತು. ಕೂರಿಸಲಿಲ್ಲ. ಅವನು ಬಿದ್ದು ಪೆಟ್ಟು ಮಾಡಿಕೊಂಡವನಲ್ಲ, ಹೊಡೆಸಿಕೊಂಡವನು. ಹೊಡೆಸಿಕೊಂಡವರ ಕಣ್ಣನ್ನು ನಿಮ್ಮಲ್ಲಿ ಅಳೆಯುವುದಿಲ್ಲ. ಇದೇ ನನ್ನ ದೂರು. ನಿಮ್ಮ ಹೆಸರು ಹಾಕದೆ ಕುರ್ಚಿಗೆ ಬರೆಯುತ್ತಿದ್ದೇನೆ, ಏಕೆಂದರೆ ನೀವು ನಾಳೆ ವರ್ಗವಾಗಿ ಹೋಗುತ್ತೀರಿ. ಕುರ್ಚಿಯೂ ಅದರ ಬುದ್ಧಿಯೂ ಇಲ್ಲೇ ಉಳಿಯುತ್ತವೆ.

ನಾನು ಏಕಾಂತಪ್ಪ, ಭದ್ರಾವತಿಯವನು. ಕಾರ್ಖಾನೆ ಗೇಟಿನಲ್ಲಿ ಮೂಟೆ ಹೊತ್ತು, ಲಾರಿ ಏಜೆಂಟನಾಗಿ, ಈಗ ಶಿವಮೊಗ್ಗ ರಸ್ತೆಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇಟ್ಟುಕೊಂಡಿದ್ದೇನೆ. ಕಾಂತರಾಜ ನನ್ನ ಆಪರೇಟರು. ಲಾರಿ ಹಲಗೆಯ ಮೇಲೆ ನಿಂತಾಗ ಗುಂಡಿ ಒತ್ತಿ ತೂಕದ ಚೀಟಿ ಕೊಡುವವನು. ಕಳೆದ ಫೆಬ್ರವರಿಯ ಒಂದು ಮಧ್ಯಾಹ್ನ ಪುನೀತ್ ಎಂಬ ಲಾರಿ ಮಾಲೀಕ ಮರಳು ತಂದ. ಪರ್ಮಿಟ್ಟಿನಲ್ಲಿ ಹತ್ತು ಟನ್ನು, ಹಲಗೆಯ ಮೇಲೆ ಹದಿನಾರು.

“ಹತ್ತು ಅಂತ ಹೊಡಿ ಮಾರಾಯ, ಟೀ ಕುಡಿ,” ಎಂದ ಪುನೀತ್.

“ಹದಿನಾರು ತೋರಿಸ್ತಿದೆಯಲ್ಲಣ್ಣ.”

“ನಿನ್ ಕಣ್ಣು ಜಾಸ್ತಿ ಚುರುಕೇನೋ?”

ಮುಂದಿನದು ನನ್ನ ಕ್ಯಾಮೆರಾದಲ್ಲಿದೆ, ಸದ್ದಿನ ಸಮೇತ. ಕಿಟಕಿಯ ಕಂಡಿಯಲ್ಲಿ ಕೈ ತೂರಿಸಿ ಕಾಂತರಾಜನ ಕೂದಲು ಹಿಡಿದು ಎಳೆದ. ಮುಖ ಸರಳಿಗೆ ಬಡಿದು ಕನ್ನಡಕ ಹಾರಿತು, ತುಟಿ ಹರಿಯಿತು. ಅವನ ಜೊತೆಗೆ ಬಂದಿದ್ದ ಇಬ್ಬರು ಒಳನುಗ್ಗಿ ಅವನ ತೋಳುಗಳನ್ನು ಹಿಂದಕ್ಕೆ ತಿರುಚಿ ಹಿಡಿದರು. ಪುನೀತ್ ನಿಧಾನವಾಗಿ ಒಳಗೆ ಬಂದ. ಕೈಯಲ್ಲಿದ್ದ ಉಕ್ಕಿನ ಕಡಗವನ್ನು ಗೆಣ್ಣುಗಳ ಮೇಲಕ್ಕೆ ಜಾರಿಸಿಕೊಂಡ. ಆ ನಿಧಾನವನ್ನು ನೀವು ನೋಡಬೇಕು ಸ್ವಾಮಿ; ಮದುವೆ ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆ ತೋಳು ಮಡಿಸಿಕೊಳ್ಳುವವರ ನಿಧಾನ. ಎಡಗಣ್ಣಿಗೆ ಗುದ್ದಿದ. ಮತ್ತೆ ಅಲ್ಲಿಗೇ. ಇನ್ನೊಂದೂ ಅಲ್ಲಿಗೇ. ಒದ್ದೆ ಮೂಟೆ ನೆಲಕ್ಕೆ ಬಿದ್ದಂಥ ಸದ್ದು. ಅವನ ಡ್ರೈವರೇ “ಬೇಡಣ್ಣಾ, ಸತ್ತೋಗ್ತಾನೆ” ಎಂದು ಕಿರುಚಿದ ಮೇಲೆ ಬಿಟ್ಟ. ಹೋಗುವಾಗ ನೆಲದ ಮೇಲಿದ್ದ ಕನ್ನಡಕವನ್ನು ಹಿಮ್ಮಡಿಯಿಂದ ಹೊಸಕಿ ಹೋದ.

ಅವತ್ತು ಸಂಜೆಯೇ ನಿಮ್ಮ ತುರ್ತು ವಿಭಾಗಕ್ಕೆ ಕರೆತಂದೆವು. ತುಟಿಗೆ ಹೊಲಿಗೆ ಹಾಕಿದರು. ಊದಿದ ರೆಪ್ಪೆ ಬಿಡಿಸಿ ಟಾರ್ಚು ಬಿಟ್ಟರು. ಕಣ್ಣು ಬೆಳ್ಳಗಿತ್ತು. ಬೆಳ್ಳಗಿದ್ದ ತಪ್ಪಿಗೆ ಗಾಯದ ಪ್ರಮಾಣಪತ್ರದಲ್ಲಿ ‘ಸಾಮಾನ್ಯ ಗಾಯ’ ಎಂದಾಯಿತು. ಆ ಎರಡು ಪದ ಹಿಡಿದುಕೊಂಡು ಪುನೀತ್ ಮರುದಿನವೇ ಜಾಮೀನಿನ ಮೇಲೆ ಹೊರಗೆ ಬಂದ, ನಮ್ಮ ಹಲಗೆಯ ಮುಂದೆ ಹಾರನ್ನು ಹೊಡೆಯುತ್ತ ಹೋದ.

ಹತ್ತು ಹನ್ನೆರಡು ದಿನ ಕಳೆದಿರಬೇಕು. “ಏಕಾಂತಣ್ಣ, ಎಡಗಡೆ ಶೆಟರ್ ಇಳಿದಂಗೆ ಆಗ್ತಿದೆ. ಲಾರಿ ಅರ್ಧನೇ ಕಾಣ್ತಿದೆ,” ಎಂದ ಕಾಂತರಾಜ. ನೋವಿಲ್ಲ, ಕೆಂಪಿಲ್ಲ. ನಿಮ್ಮ ಕಣ್ಣಿನ ವಿಭಾಗದವರು ನೋಡಿ ಒಳಗಿನ ಪರದೆ, ಅದೇ ರೆಟಿನಾ, ಗೋಡೆಗೆ ಅಂಟಿಸಿದ ಪೋಸ್ಟರು ತೇವಕ್ಕೆ ಬಿಟ್ಟ ಹಾಗೆ ಬಿಟ್ಟಿದೆ ಎಂದರು. ಆಪರೇಷನ್ನು ಮಾಡಿ ಮತ್ತೆ ಅಂಟಿಸಬಹುದು. ಆದರೆ ಕಣ್ಣಿನೊಳಗೆ ಉರಿಯೂತ ಜಾಸ್ತಿಯಿದ್ದರೆ ಅಂಟಿಸಿದ ಮೇಲೂ ಪರದೆಯ ಮೇಲೆ ಗಾಯದ ಪೊರೆ ಬೆಳೆದು, ಅದು ಬಿಗಿದು, ಮತ್ತೆ ಕಿತ್ತುಕೊಳ್ಳುವ ಭಯ.

ಉರಿಯೂತ ಎಷ್ಟಿದೆ ಎಂದು ನೋಡಲು ನಿಮ್ಮಲ್ಲಿ ಎರಡು ದಾರಿಗಳಿವೆ. ಒಂದು, ವೈದ್ಯರು ಬೆಳಕು ಬಿಟ್ಟು ಕಣ್ಣಳತೆಯಲ್ಲಿ ಪ್ಲಸ್ ಒನ್, ಪ್ಲಸ್ ಟೂ ಎಂದು ಬರೆಯುವುದು. ಬೆಳಿಗ್ಗೆ ನೋಡಿದವರು ಪ್ಲಸ್ ಒನ್ ಎಂದರು, ಮಧ್ಯಾಹ್ನ ನೋಡಿದವರು ಪ್ಲಸ್ ಟೂ ಎಂದರು. ನಡುವೆ ಕಾಂತರಾಜ ತಿಂದದ್ದು ಒಂದು ಪ್ಲೇಟು ಚಿತ್ರಾನ್ನ. ನಾನೂ ಹೀಗೆ ಲಾರಿ ನೋಡಿ ‘ಭಾರ ಪ್ಲಸ್ ಟೂ’ ಎಂದು ಬರೆದುಕೊಟ್ಟರೆ ಸರ್ಕಾರದವರು ನನ್ನ ಹಲಗೆಗೆ ಬೀಗ ಜಡಿಯುತ್ತಾರೋ ಇಲ್ಲವೋ? ಇನ್ನೊಂದು ದಾರಿ, ದಾನಿಯೊಬ್ಬರು ಕೊಟ್ಟು, ರಿಬ್ಬನ್ನು ಕತ್ತರಿಸಿ, ನೀವೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡ ಯಂತ್ರ. ಅದನ್ನು ನಡೆಸುವ ಹುಡುಗಿ ನನಗೆ ಅಚ್ಚುಕಟ್ಟಾಗಿ ಹೇಳಿದಳು. ಹೆಸರು ಬರೆಯುವುದಿಲ್ಲ, ನಾಳೆಯೇ ಅವಳನ್ನು ಎಲ್ಲಿಗಾದರೂ ಎತ್ತಿ ಹಾಕುತ್ತೀರಿ.

“ಬಿಸಿಲುಕೋಲಲ್ಲಿ ಧೂಳು ಕಾಣ್ಸುತ್ತಲ್ಲ ಸಾರ್, ಹಂಗೆ. ಊತ ಇದ್ರೆ ಕಣ್ಣೊಳಗಿನ ನೀರಿಗೆ ರಕ್ತದ ಸಾರ ಸೋರಿರುತ್ತೆ. ಲೇಸರ್ ಬಿಟ್ರೆ ಅದು ಹೊಳೆಯುತ್ತೆ, ಮಷೀನು ಎಣಿಸಿ ನಂಬರ್ ಕೊಡುತ್ತೆ. ಕತ್ತಲೆ ರೂಮು ಬೇಕು, ಕಣ್ಣಿಗೆ ಹನಿ ಹಾಕೋಕ್ ಮುಂಚೆ ಅಳೀಬೇಕು, ಅಷ್ಟೇ.”

ಇಷ್ಟು ಹೇಳಿ ಕಾಂತರಾಜನ ಚೀಟಿಗೆ ಕೈಚಾಚಿದಳು. ಮೇಲೆ ಕೆಂಪು ಮುದ್ರೆ, ಪೊಲೀಸು ಕೇಸಿನದು. ಅವಳ ಮುಖ ಇಳಿಯಿತು.

“ಇದು ಎಂಎಲ್‌ಸಿ ಸಾರ್. ಇದಕ್ಕೆ ಮಷೀನ್ ಇಲ್ಲ.”

“ಮುಂದೆ ಇದ್ದ ಹೊಳಲೂರಿನವರಿಗೆ ಅಳೆದ್ಯಲ್ಲಮ್ಮ?”

“ಅವರದ್ದು ಶುಗರ್ ಸಾರ್. ಇದು ಹೊಡೆದಾಟ. ನಂಬರ್ ಬರೆದ್ರೆ ಡಾಕ್ಟರಿಗೆ ಕೋರ್ಟಿಂದ ಸಮನ್ಸ್ ಬರುತ್ತೆ. ಅಳೀಬಾರ್ದು ಅಂತ ಮೇಲಿಂದ ಹೇಳಿದಾರೆ.”

ಮೇಲಿಂದ ಎಂದರೆ ನೀವು. ಗಾಜಿನ ಬಾಗಿಲು ಒಡೆಯಲು ನನ್ನ ಮೊಣಕೈ ಸಾಕಿತ್ತು. ಒಡೆಯಲಿಲ್ಲ, ಏಕೆಂದರೆ ಅದೇ ಗೋಡೆಯಲ್ಲಿ ‘ಸಿಬ್ಬಂದಿಯ ಮೇಲೆ ಹಲ್ಲೆ ಜಾಮೀನುರಹಿತ ಅಪರಾಧ’ ಎಂಬ ಬೋರ್ಡಿದೆ. ನಿಮ್ಮ ಕೆನ್ನೆಗೆ ಜಾಮೀನಿಲ್ಲ, ಕಾಂತರಾಜನ ಕಣ್ಣಿಗೆ ಮರುದಿನವೇ ಇದೆ. ಎಂಥ ತಕ್ಕಡಿ ಸ್ವಾಮಿ ಇದು?

ಆಗ ಚೀಟಿ ಕೊಡುವ ಕಿಟಕಿಯ ಗುಮಾಸ್ತರು ನಮ್ಮನ್ನು ಪಕ್ಕಕ್ಕೆ ಕರೆದರು. ಕೆಟ್ಟ ಮನುಷ್ಯರಲ್ಲ. “ಹೊಸ ಚೀಟಿ ಮಾಡ್ಸಿ. ಬೈಕಿಂದ ಬಿದ್ದೆ ಅಂತ ಬರ್ಸಿ. ಇವತ್ತೇ ಅಳೀತಾರೆ, ಟ್ರೀಟ್‌ಮೆಂಟೂ ಸಲೀಸು. ಕಣ್ಣು ಉಳಿಸ್ಕೊಳ್ಳಿ ಮಾರಾಯ್ರೆ, ಕೇಸು ಯಾವನಿಗ್ ಬೇಕು?”

ಕಾಂತರಾಜನ ತಾಯಿ ದುರ್ಗಮ್ಮ ಮಗನ ತೋಳು ಹಿಡಿದುಕೊಂಡಳು. “ಬಿದ್ದೆ ಅನ್ನೋ ಮಗ. ನಿನ್ ಕಾಲ್ ಹಿಡ್ಕೋತೀನಿ, ಬಿದ್ದೆ ಅನ್ನು.” ನಾನೂ ಅದನ್ನೇ ಹೇಳಿದೆ. ವ್ಯಾಪಾರಸ್ಥ ನಾನು, ಕಣ್ಣು ಒಂದು ತಟ್ಟೆಯಲ್ಲಿ, ಕೇಸು ಒಂದು ತಟ್ಟೆಯಲ್ಲಿ ಇಟ್ಟರೆ ಯಾವುದು ಭಾರ ಎಂದು ನನಗೆ ಗೊತ್ತಾಗುತ್ತದೆ. ಕಾಂತರಾಜ ಬೆಂಚಿನಿಂದ ಏಳಲೇ ಇಲ್ಲ.

“ಸುಳ್ಳು ಬರೆಯೋ ಹಂಗಿದ್ರೆ ಅವತ್ತೇ ಹತ್ತು ಅಂತ ಬರೀತಿದ್ದೆ ಏಕಾಂತಣ್ಣ. ಆಗ ಹೊಡೆತನೂ ಬೀಳ್ತಿರ್ಲಿಲ್ಲ, ಕಣ್ಣೂ ಹೋಗ್ತಿರ್ಲಿಲ್ಲ. ಈಗ ಬರೆದ್ರೆ ತಿಂದಿದ್ದೆಲ್ಲ ದಂಡ.”

ದುರ್ಗಮ್ಮ ಅವನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ಅದೇ ಬೆನ್ನಿಗೆ ಮುಖ ಇಟ್ಟು ಅತ್ತಳು.

ಹೀಗೆ ಪ್ಲಸ್ ಒನ್ ಎಂಬ ಲೆಕ್ಕದ ಮೇಲೆ ಆಪರೇಷನ್ನು ನಡೆಯಿತು. ಕಣ್ಣಿನೊಳಗೆ ಗಾಳಿಯ ಗುಳ್ಳೆ ಬಿಟ್ಟು, ಹಗಲೂ ರಾತ್ರಿ ಬೋರಲು ಮಲಗಬೇಕೆಂದರು. ಮಲಗಿದ, ಹಾಗೇ ಉಂಡ, ನೆಲದ ಸಿಮೆಂಟಿನ ಬಿರುಕುಗಳ ಜೊತೆ ಮಾತಾಡಿದ. ತಿಂಗಳೆರಡು ಕಳೆಯುವಷ್ಟರಲ್ಲಿ ಶೆಟರು ಮತ್ತೆ ಇಳಿಯಿತು. ಹೊರಜಿಲ್ಲೆಗೆ ಹೊತ್ತುಕೊಂಡು ಹೋದೆ. ಅಲ್ಲಿ ಯಾರೂ ಮುದ್ರೆ ನೋಡಲಿಲ್ಲ, ಕತ್ತಲೆ ಕೋಣೆಗೆ ಕರೆದೊಯ್ದು ಅಳೆದರು. ಬಲಗಣ್ಣು ಐದು. ಎಡಗಣ್ಣು ನಲವತ್ತಮೂರು. ಪರದೆ ಒಣಗಿದ ಎಲೆಯಂತೆ ಮುದುಡಿದೆ ಎಂದರು. ಎರಡನೇ ಆಪರೇಷನ್ನು ಮಾಡಿದರೂ ದೃಷ್ಟಿ ಮರಳಲಿಲ್ಲ. ಮೊದಲೇ ಅಳೆದಿದ್ದರೆ ಉಳಿಯುತ್ತಿತ್ತೇ ಎಂದು ನಾನು ಕೇಳಿದೆ. ಆ ವೈದ್ಯರು ನೇರ ಮನುಷ್ಯರು. “ಗ್ಯಾರಂಟಿ ಹೇಳಲ್ಲ. ಆದರೆ ಆಗಲೇ ಜಾಸ್ತಿ ಇದ್ದಿದ್ದರೆ ಔಷಧಿ ಹೆಚ್ಚಿಸ್ತಿದ್ವಿ, ವಾರ ವಾರ ಕರೆಸಿ ನೋಡ್ತಿದ್ವಿ. ಅವನಿಗೊಂದು ಅವಕಾಶ ಇರ್ತಿತ್ತು,” ಎಂದರು. ನಾನೂ ಅದಕ್ಕಿಂತ ಹೆಚ್ಚು ಹೇಳುತ್ತಿಲ್ಲ. ಆ ಅವಕಾಶವನ್ನು ನೀವು ನುಂಗಿದಿರಿ.

ಆ ಸಂಖ್ಯೆ ಹಿಡಿದು ನಿಮ್ಮ ಕೋಣೆಗೆ ಬಂದೆ. ಪ್ರಮಾಣಪತ್ರ ತಿದ್ದಿ, ದೃಷ್ಟಿ ಹೋದದ್ದನ್ನು ‘ತೀವ್ರ ಗಾಯ’ ಎಂದು ಬರೆಯಿರಿ ಎಂದೆ. ನೀವು ಹೇಳಿದ್ದು ನೆನಪಿದೆಯೇ? “ಅವನಿಗೆ ಮೊದಲೇ ಮೈನಸ್ ಕನ್ನಡಕ ಇತ್ತು. ಪರದೆ ತಾನಾಗೇ ಬಿಟ್ಟಿರಬಹುದು. ಪೆಟ್ಟಿಂದ್ಲೇ ಅನ್ನೋದಕ್ಕೆ ನಮ್ಮಲ್ಲಿ ಆವತ್ತಿನ ಅಳತೆ ಏನಿದೆ?” ಅಳೆಯಬೇಡಿ ಎಂದವರೂ ನೀವೇ, ಅಳತೆ ಎಲ್ಲಿ ಎಂದು ಕೇಳುವವರೂ ನೀವೇ! ತೂಕದ ಚೀಟಿಗಾಗಿ ನನಗೂ ಕೋರ್ಟಿನಿಂದ ಸಮನ್ಸು ಬಂದಿದೆ ಸ್ವಾಮಿ, ಒಂದಲ್ಲ ಮೂರು ಸಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ, ಇಷ್ಟು ಟನ್ನು ಇತ್ತು ಎಂದೆ, ಹೊರಗೆ ಬಂದು ಮಸಾಲೆ ದೋಸೆ ತಿಂದೆ. ಸತ್ತಿಲ್ಲ. ಎಂಟನೇ ಕ್ಲಾಸು ಫೇಲಾದವನಿಗೆ ಇರುವ ಈ ಧೈರ್ಯ ಅಷ್ಟುದ್ದ ಪದವಿಯವರಿಗೆ ಯಾಕಿಲ್ಲ?

ಇಷ್ಟಕ್ಕೆ ಮುಗಿದಿದ್ದರೆ ಈ ಪತ್ರವನ್ನು ನಾನು ಪತ್ರಿಕೆಗೂ ಕೊಡುತ್ತಿರಲಿಲ್ಲ. ಹೋದ ತಿಂಗಳು ಪುನೀತ್ ಅದೇ ಲಾರಿ ತಂದು ಹಲಗೆಯ ಮೇಲೆ ನಿಲ್ಲಿಸಿದ. ಕಿಟಕಿಗೆ ಬಗ್ಗಿ, “ಈಗ ಒಂದೇ ಕಣ್ಣಲ್ಲಿ ನೋಡು ಮಾರಾಯ, ಅರ್ಧ ತೂಕ ಕಾಣ್ಸುತ್ತೆ,” ಎಂದು ನಕ್ಕ. ಮಗನಿಗೆ ಬುತ್ತಿ ತಂದಿದ್ದ ದುರ್ಗಮ್ಮ ಹಿಂದೆಯೇ ನಿಂತಿದ್ದಳು. ಸ್ಟೀಲು ಕ್ಯಾರಿಯರನ್ನು ಎತ್ತಿ ಅವನ ಹಣೆಗೆ ಬೀಸಿದಳು. ರಕ್ತ, ಸಾರು, ಅನ್ನ ಒಟ್ಟಿಗೆ ಇಳಿಯಿತು. ಮತ್ತೆ ಎತ್ತಿದಳು, ನಾನು ಸೊಂಟ ಹಿಡಿದು ಎಳೆಯದಿದ್ದರೆ ಆ ಹೆಂಗಸು ಅವತ್ತು ಕೊಲೆ ಮಾಡುತ್ತಿದ್ದಳು. ಎಳೆದದ್ದು ಸರಿಯೇ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಪುನೀತ್ ನಿಮ್ಮ ಆಸ್ಪತ್ರೆಗೇ ಬಂದ. ಅವನ ಚೀಟಿಯ ಮೇಲೂ ಕೆಂಪು ಮುದ್ರೆ ಬಿತ್ತು. ಪ್ರಮಾಣಪತ್ರ ಅವತ್ತೇ ಸಿಕ್ಕಿತು: ಹಣೆಯ ಬಲಭಾಗ, ಉದ್ದ ಎರಡು ಸೆಂಟಿಮೀಟರು, ಅಗಲ ಅರ್ಧ. ಚರ್ಮದ ಮೇಲಿನ ಗೀರಿಗೆ ನಿಮ್ಮಲ್ಲಿ ಸ್ಕೇಲಿತ್ತು, ಅಳೆಯುವ ವೈದ್ಯರಿದ್ದರು, ಸಮನ್ಸಿನ ಭಯವಿರಲಿಲ್ಲ. ಈಗ ದುರ್ಗಮ್ಮ ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಪೆಟ್ಟು ಬಿದ್ದ ಕಣ್ಣಿಗೆ ಯಂತ್ರ ಬೇಡ ಎಂಬ ನಿಮ್ಮ ಬಾಯಿಮಾತಿನ ಅಪ್ಪಣೆಯನ್ನು ಬರವಣಿಗೆಯಲ್ಲಿ ರದ್ದು ಮಾಡಿ. ಕೆಂಪು ಮುದ್ರೆಯವರನ್ನೂ ಹನಿ ಹಾಕುವ ಮೊದಲು ಆ ಕತ್ತಲೆ ಕೋಣೆಗೆ ಕರೆದೊಯ್ಯಿರಿ, ಬಂದ ಸಂಖ್ಯೆ ಬರೆಯಿರಿ, ಕೆಳಗೆ ಸಹಿ ಹಾಕಿ. ಕಾಂತರಾಜನ ಪ್ರಮಾಣಪತ್ರವನ್ನು ತಿದ್ದಿ ಮುಂದಿನ ವಾಯಿದೆಗೆ ಮೊದಲು ಕೋರ್ಟಿಗೆ ಕಳಿಸಿ. ತಿದ್ದುವುದಿಲ್ಲವೆಂದರೆ ಯಾಕೆ ಅಳೆಯಲಿಲ್ಲ ಎಂದು ನ್ಯಾಯಾಧೀಶರ ಮುಂದೆ ನೀವೇ ಬಂದು ಹೇಳಿ. ನಿಮ್ಮ ಹೆಸರಿಗೆ ಸಮನ್ಸು ಕೇಳಿ ಅರ್ಜಿ ಹಾಕಲು ನಮ್ಮ ವಕೀಲರಿಗೆ ಹೇಳಿಯಾಗಿದೆ.

ಯಾರಿಗೆ ಏನು ಲಾಭವಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಪುನೀತನಿಗೆ: ಜಾಮೀನು, ಲಾರಿ, ದುರ್ಗಮ್ಮನ ಮೇಲೊಂದು ಕೇಸು.
ತುರ್ತು ವಿಭಾಗದ ವೈದ್ಯರಿಗೆ: ಕೋರ್ಟು ಮೆಟ್ಟಿಲು ಹತ್ತದ ಒಂದು ವರ್ಷ.
ವಕೀಲರಿಗೆ: ಎರಡು ಕೇಸಿನ ಫೀಜು, ಈಗ ತಾಯಿಯದ್ದೂ ಮಗನದ್ದೂ.
ನಿಮಗೆ: ಈ ಪತ್ರ.
ಕಾಂತರಾಜನಿಗೆ: ಲೈಟು ಹಾಕಿದೆಯೋ ಇಲ್ಲವೋ ಎಂದು ಹೇಳಬಲ್ಲಷ್ಟು ಎಡಗಣ್ಣು.

ಇಂತಿ,
ಆ ಹುಡುಗನಿಗೆ ಸುಳ್ಳು ಹೇಳು ಎಂದವರಲ್ಲಿ ಒಬ್ಬನಾದ,
ಏಕಾಂತಪ್ಪ
ಭದ್ರಾವತಿ